ಮುಂದೇನಾಗಬಹುದು?

ನಮ್ಮ ತಾತ ಮುಂಗಾರಿಗೆ ಮೊದಲೇ ಮೂರು ಥರದ ಬೀಜ ತೆಗೆದಿಡ್ತಿದ್ದರು. ಮಳೆ ಹೊತ್ತಿಗೆ ಸರಿಯಾಗಿ ಬಂದರೆ ದೀರ್ಘಾವಧಿ ರಾಗಿ, ತಡವಾದರೆ ಬೇಗ ಕೊಯ್ಲಿಗೆ ಬರೋ ರಾಗಿ, ಇನ್ನೂ ತಡವಾದರೆ ಹುರುಳಿ. ಹೋದ ವರ್ಷ ಅಪ್ಪ "ಈ ಸಲ ಮಳೆ ಚೆನ್ನಾಗೇ ಆಗ್ತದೆ" ಅಂತ ಒಂದೇ ಬೀಜ ತಂದರು. ಮಳೆ ಬಂದದ್ದು ಭಾದ್ರಪದದಲ್ಲಿ. ಆಗ ಹುರುಳಿ ಬೀಜ ಊರಲ್ಲೆಲ್ಲೂ ಸಿಗಲಿಲ್ಲ, ಹೊಲ ಬೀಳು ಬಿತ್ತು.

ನಗರಗಳ ಯೋಜನೆ ಮಾಡುವವರೂ ತಾತನ ಹಾಗೇ ಯೋಚಿಸುತ್ತಾರೆಂದು ಓದಿ ನನಗೆ ಆಶ್ಚರ್ಯವಾಯಿತು. "ಹೀಗೇ ಆಗುತ್ತದೆ" ಎಂದು ಅವರು ಒಂದೇ ಭವಿಷ್ಯ ನುಡಿಯುವುದಿಲ್ಲ. ಹೀಗಾದರೆ ಏನು, ಹಾಗಾದರೆ ಏನು ಎಂದು ಹಲವು ಚಿತ್ರ ಬರೆದುಕೊಳ್ಳುತ್ತಾರೆ. ಇದಕ್ಕೆ ಲಂಡನ್ ಒಳ್ಳೆಯ ಉದಾಹರಣೆ.

ಲಂಡನ್ ಇರುವುದು ಥೇಮ್ಸ್ ನದಿಯ ದಡದಲ್ಲಿ. ಸಮುದ್ರ ಉಕ್ಕಿದರೆ ನೀರು ನದಿಯೊಳಗೆ ಹಿಂದಕ್ಕೆ ನುಗ್ಗುತ್ತದೆ. 1953ರಲ್ಲಿ ಹೀಗೆ ಸಮುದ್ರ ಉಕ್ಕಿ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ನದಿಗೆ ಅಡ್ಡಲಾಗಿ 520 ಮೀಟರ್ ಉದ್ದಕ್ಕೆ ದೊಡ್ಡ ದೊಡ್ಡ ಬಾಗಿಲು ಕೂರಿಸಿದರು. ಅಪಾಯವಿದ್ದಾಗ ಮುಚ್ಚುತ್ತಾರೆ, ಇಲ್ಲದಾಗ ತೆರೆದಿರುತ್ತವೆ, ಹಡಗು ಓಡಾಡುತ್ತವೆ. ಅದು ಕೆಲಸಕ್ಕೆ ಬಂದದ್ದು 1982ರಲ್ಲಿ. ಲೆಕ್ಕ ಹಾಕಿ, 29 ವರ್ಷ! ನೀರು ಮನೆ ಬಾಗಿಲಿಗೆ ಬಂದ ಮೇಲೆ ಶುರು ಮಾಡುವ ಕೆಲಸವೇ ಅಲ್ಲ.

ಈಗ ಭೂಮಿ ಬಿಸಿಯಾಗಿ ಸಮುದ್ರಮಟ್ಟ ಏರುತ್ತಿದೆ. ಎಷ್ಟು ಏರುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು. ಅದಕ್ಕೇ 2012ರಲ್ಲಿ ಒಂದು ಯೋಜನೆ ತಂದರು. 2100ನೇ ಇಸವಿ ಹೊತ್ತಿಗೆ ನೀರು 90 ಸೆಂಟಿಮೀಟರ್ ಏರಿದರೆ ಒಂದು ದಾರಿ. ತೀರಾ ಕೆಟ್ಟದಾಗಿ 2.7 ಮೀಟರ್ ಏರಿದರೆ ಬೇರೆ ದಾರಿ. ದಡದ ಗೋಡೆ ಎತ್ತರಿಸುವುದೋ, ಹಳೇ ಬಾಗಿಲುಗಳನ್ನೇ ಸುಧಾರಿಸುವುದೋ, ಇಲ್ಲಾ ಹೊಸದನ್ನೇ ಕಟ್ಟುವುದೋ? ಎಲ್ಲವನ್ನೂ ಇವತ್ತೇ ಕಟ್ಟಿದರೆ ದುಡ್ಡು ದಂಡ. ಆದರೆ ಮುಂದೆ ಬೇಕಾಗಬಹುದಾದ ಜಾಗವನ್ನು ಮಾತ್ರ ಈಗಲೇ ಖಾಲಿ ಉಳಿಸಿಕೊಳ್ಳಬೇಕು. ಅಲ್ಲಿ ಮನೆ ಎದ್ದರೆ ಆಮೇಲೆ ಏಳಿಸುವವರು ಯಾರು?

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಯೋಜನೆ ಬರೆದು ಬೀರುವಿನಲ್ಲಿ ಇಟ್ಟುಬಿಡಲಿಲ್ಲ. ಸಮುದ್ರಮಟ್ಟ ಅಳೆಯುತ್ತಾ ಇರುತ್ತಾರೆ, ಅದಕ್ಕೆ ತಕ್ಕಂತೆ ತಿದ್ದುತ್ತಾರೆ. 2023ರಲ್ಲಿ ತಿದ್ದಿದಾಗ, ನಗರದ ಒಳಭಾಗದ ದಡದ ಗೋಡೆಗಳನ್ನು 2065ಕ್ಕಲ್ಲ, 2050ರೊಳಗೇ ಎತ್ತರಿಸಬೇಕು ಅಂದರು. ಹದಿನೈದು ವರ್ಷ ಮುಂಚೆ! ಆ ದೊಡ್ಡ ಬಾಗಿಲುಗಳ ಗತಿ ಏನು ಅನ್ನೋದನ್ನು 2040ರೊಳಗೆ ತೀರ್ಮಾನಿಸಿದರೆ 2070ಕ್ಕೆ ಕೆಲಸ ಮುಗಿಯುತ್ತದಂತೆ. 2040ಕ್ಕೆ ನಮಗೆಲ್ಲ ಮೂವತ್ತರ ಆಸುಪಾಸು.

ಅಂದಹಾಗೆ, ಈ ಸಲ ಅಪ್ಪ ಹುರುಳಿ ಬೀಜ ತಂದು ಅಟ್ಟದ ಮೇಲಿಟ್ಟಿದ್ದಾರೆ.