675ರ ಭದ್ರಾವತಿಯೂ ಜೇಬಿನ ಪಾಡ್‌ಕಾಸ್ಟೂ

ಶಿವಮೊಗ್ಗದ ಕಾಲೇಜು ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು: “ಈಗ ಎಲ್ಲರೂ ಪಾಡ್‌ಕಾಸ್ಟ್ ಕೇಳ್ತಾರಲ್ಲ ಸಾರ್, ಭದ್ರಾವತಿ ಆಕಾಶವಾಣಿಯ ಆ ಹಳೇ ಟವರಿಗೆ ಇನ್ನೂ ಕರೆಂಟು ಸುಡೋದು ಯಾಕೆ? ಕಾರ್ಯಕ್ರಮಾನೆಲ್ಲ ಇಂಟರ್ನೆಟ್ಟಿಗೆ ಹಾಕಿದ್ರೆ ಸಾಲದಾ?” ಉಡಾಫೆಯ ಪ್ರಶ್ನೆಯಲ್ಲ. ದೆಹಲಿಯ ಕಡತಗಳಲ್ಲೂ ಇದೇ ಪ್ರಶ್ನೆ ಓಡಾಡುತ್ತಿರಬೇಕು. ಈಚಿನ ವರ್ಷಗಳಲ್ಲಿ ಆಕಾಶವಾಣಿಯ ಎಷ್ಟೋ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳು ಸದ್ದಿಲ್ಲದೆ ಮುಚ್ಚಿವೆ. ಆದರೆ ಈ ಪ್ರಶ್ನೆಯೊಳಗೆ ಒಂದು ತಪ್ಪು ಎಣಿಕೆ ಸೇರಿಕೊಂಡಿದೆ. ರೇಡಿಯೊ, ಪಾಡ್‌ಕಾಸ್ಟ್ ಎರಡೂ ಕಿವಿಗೆ ಬೀಳುವ ಮಾತೇ ಆದ್ದರಿಂದ ಒಂದರ ಕೆಲಸವನ್ನು ಇನ್ನೊಂದು ಮಾಡಿಬಿಡುತ್ತದೆ ಎಂಬ ಎಣಿಕೆ ಅದು. ಭೌತವಿಜ್ಞಾನ ಇದನ್ನು ಒಪ್ಪುವುದಿಲ್ಲ.

ಭದ್ರಾವತಿ ಕೇಂದ್ರ ಶುರುವಾದದ್ದು 1965ರಲ್ಲಿ. 675 ಕಿಲೋಹರ್ಟ್ಸ್ ಎಂಬ ಅದರ ಅಂಕಿ ಮಲೆನಾಡಿನ ಹಿರಿಯರಿಗೆ ಮನೆಯ ಬಾಗಿಲ ನಂಬರಿನಷ್ಟೇ ಗೊತ್ತು. ಆ ಅಂಕಿಯನ್ನು ಒಮ್ಮೆ ಕೂಡಿ ನೋಡಿ: ಆರು, ಏಳು, ಐದು, ಒಟ್ಟು ಹದಿನೆಂಟು. ಅಂದರೆ 675 ಒಂಬತ್ತರಿಂದ ಭಾಗವಾಗುತ್ತದೆ. ಬೆಂಗಳೂರಿನ 612 ಕೂಡ ಭಾಗವಾಗುತ್ತದೆ, ಧಾರವಾಡದ 765 ಕೂಡ, ಕಲಬುರಗಿಯ 1107 ಕೂಡ. ಇದು ಕಾಕತಾಳೀಯವಲ್ಲ. 1975ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಏಷ್ಯಾ, ಆಫ್ರಿಕಾ, ಯೂರೋಪುಗಳ ಮೀಡಿಯಂ ವೇವ್ ಪಟ್ಟಿಯನ್ನು ಹೊಲಕ್ಕೆ ಬದು ಹಾಕಿದಂತೆ ಒಂಬತ್ತೊಂಬತ್ತು ಕಿಲೋಹರ್ಟ್ಸಿನ ತುಂಡುಗಳಾಗಿ ಹಂಚಿಕೊಂಡವು. 531ರಿಂದ 1602ರವರೆಗೆ ಎಲ್ಲವೂ ಒಂಬತ್ತರ ಮಗ್ಗಿ. ಹಳೇ ಡಯಲ್ ರೇಡಿಯೊದಲ್ಲಿ ಮುಳ್ಳು ತಿರುಗಿಸುತ್ತಿದ್ದಾಗ ನಾವು ದಾಟುತ್ತಿದ್ದದ್ದು ಈ ಬದುಗಳನ್ನೇ.

ತುಂಡು ಕಿರಿದಾದ್ದರಿಂದ ಮೀಡಿಯಂ ವೇವಿನ ದನಿಯೂ ಕಿರಿದು. ಸುಮಾರು 4.5 ಕಿಲೋಹರ್ಟ್ಸಿಗಿಂತ ಮೇಲಿನ ನಾದವನ್ನು ಅದು ಹೊರಲಾರದು. ಮಾತಿಗೆ ಅಷ್ಟು ಸಾಕು. ತಂಬೂರಿಯ ಝೇಂಕಾರಕ್ಕೆ ಸಾಲದು. ಎಫ್‌ಎಂ 15 ಕಿಲೋಹರ್ಟ್ಸಿನವರೆಗೂ ಹೊರುತ್ತದೆ. ಭದ್ರಾವತಿಯದೇ 103.5ರಲ್ಲಿ ಕೇಳಿದ ಹಾಡು ಹೊಳಪಾಗಿರುವುದು ಅದಕ್ಕೇ.

ಹಾಗಾದರೆ ಎಫ್‌ಎಂ ಒಂದೇ ಸಾಲದೆ? ಇಲ್ಲಿ ಅಲೆಯ ಉದ್ದ ಅಡ್ಡ ಬರುತ್ತದೆ. 103.5 ಮೆಗಾಹರ್ಟ್ಸಿನ ಅಲೆ ಮೂರು ಮೀಟರಿಗೂ ತುಸು ಕಡಿಮೆ. 675 ಕಿಲೋಹರ್ಟ್ಸಿನದು 444 ಮೀಟರ್. ಮೂರು ಮೀಟರಿನ ಅಲೆಗೆ ಗುಡ್ಡವೆಂದರೆ ಗೋಡೆ. ಗುಡ್ಡದ ಆಚೆ ಮಗ್ಗುಲಲ್ಲಿ ನೆರಳು ಬೀಳುತ್ತದೆ. 444 ಮೀಟರಿನ ಅಲೆ ನೆಲವನ್ನೇ ಹಿಡಿದುಕೊಂಡು ಏರಿಳಿಯುತ್ತಾ ಹೋಗುತ್ತದೆ, ಗುಡ್ಡದ ಬೆನ್ನು ಬಳಸಿ ಆಚೆಗೂ ಇಳಿಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಕಣಿವೆಯ ಮನೆಗಳಲ್ಲಿ ಎಫ್‌ಎಂ ಬರೀ ಬುಸ್ಸೆಂದರೂ ಮೀಡಿಯಂ ವೇವ್ ಮಾತಾಡುವುದುಂಟು.

ಆ ಟವರಿನ ಬಗ್ಗೆಯೂ ಒಂದು ಮಾತು. ಏರಿಯಲ್ ಅದರ ತುದಿಯಲ್ಲಿ ಎಲ್ಲೋ ಇದೆ ಎಂದುಕೊಂಡವರೇ ಹೆಚ್ಚು. ಸಾಮಾನ್ಯವಾಗಿ ಮೀಡಿಯಂ ವೇವ್ ಕೇಂದ್ರಗಳಲ್ಲಿ ಇಡೀ ಟವರೇ ಏರಿಯಲ್. ಬುಡದಲ್ಲಿ ದಪ್ಪ ಪಿಂಗಾಣಿಯ ತುಂಡು, ಅದರ ಮೇಲೆ ನೂರಾರು ಅಡಿ ಉಕ್ಕು. ಸುತ್ತಲಿನ ಬಯಲು ಖಾಲಿ ಬಿದ್ದಂತೆ ಕಂಡರೂ ಖಾಲಿಯಲ್ಲ. ಬಂಡಿ ಚಕ್ರದ ಅರಗಳಂತೆ ಅಲ್ಲಿ ತಾಮ್ರದ ತಂತಿಗಳನ್ನು ಹೂತಿರುತ್ತಾರೆ. ಅಲೆಗೆ ಆ ನೆಲವೇ ಅರ್ಧ ಏರಿಯಲ್. 444 ಮೀಟರಿನ ಅಲೆಗೆ ಕಾಲು ಭಾಗದ ಕಂಬ ಹೂಡಬೇಕೆಂದರೂ 111 ಮೀಟರ್ ಎತ್ತರ ಬೇಕು. ಇಂಥದ್ದನ್ನು ಒಮ್ಮೆ ಕೆಡವಿದರೆ ಮತ್ತೆ ಯಾರೂ ಕಟ್ಟುವುದಿಲ್ಲ, ಅದಂತೂ ಖಂಡಿತ.

ಹೊತ್ತು ಮುಳುಗಿದ ಮೇಲೆ ಮೀಡಿಯಂ ವೇವಿನ ಕಥೆಯೇ ಬೇರೆ. ಹಗಲಿನಲ್ಲಿ ನೆಲದಿಂದ 60–90 ಕಿಲೋಮೀಟರ್ ಮೇಲೆ, ಬಿಸಿಲು ಹುಟ್ಟಿಸಿದ ವಿದ್ಯುತ್ ಕಣಗಳ ಪದರವೊಂದು ಇರುತ್ತದೆ. ಮೇಲಕ್ಕೆ ಹೋದ ಅಲೆಯನ್ನು ಅದು ನುಂಗಿಬಿಡುತ್ತದೆ. ಸೂರ್ಯ ಮುಳುಗಿದರೆ ಆ ಪದರವೂ ಕರಗುತ್ತದೆ. ಅಲೆ ಇನ್ನೂ ಮೇಲಕ್ಕೆ ಹೋಗಿ ಅಲ್ಲಿನ ಪದರಕ್ಕೆ ತಾಗಿ ಮರಳಿ ನೆಲಕ್ಕೆ ಬೀಳುತ್ತದೆ, ನೂರಾರು ಕಿಲೋಮೀಟರ್ ಆಚೆ. ರಾತ್ರಿ ಊಟದ ಹೊತ್ತಿಗೆ ಯಾವುದೋ ಭಾಷೆಯ ಕೇಂದ್ರ ಭದ್ರಾವತಿಯ ಮೇಲೆ ಏರಿ ಬರುತ್ತಿದ್ದದ್ದು ನೆನಪಿದ್ದವರಿಗೆ ನೆನಪಿರಬಹುದು.

ಹೀಗೆ ಮೇಲೊಂದು ಪದರವಿದೆ ಎಂದು 1902ರಲ್ಲೇ ಅಮೆರಿಕದ ಕೆನ್ನೆಲಿ, ಇಂಗ್ಲೆಂಡಿನ ಹೆವಿಸೈಡ್ ಊಹಿಸಿದ್ದರು. ಅದನ್ನು ಸಾಬೀತು ಮಾಡಿದ ಕಥೆಯೊಳಗೆ ಸಾರ್ವಜನಿಕ ರೇಡಿಯೊ ಇದೆ. 1924ರ ಡಿಸೆಂಬರಿನಲ್ಲಿ ಎಡ್ವರ್ಡ್ ಆಪಲ್ಟನ್ ಬಿಬಿಸಿಯ ಬೋರ್ನ್‌ಮತ್ ಟ್ರಾನ್ಸ್‌ಮಿಟರನ್ನು, ಕಾರ್ಯಕ್ರಮ ಮುಗಿದ ಮೇಲೆ, ನಡುರಾತ್ರಿಯಲ್ಲಿ ಎರವಲು ಪಡೆದು ಅದರ ಆವರ್ತನವನ್ನು ನಿಧಾನಕ್ಕೆ ಬದಲಿಸುತ್ತಾ ದೂರದಲ್ಲಿ ಅಳೆದರು. ನೆಲದ ಮೇಲೆ ಬಂದ ಅಲೆಯೂ ಆಕಾಶದಿಂದ ಮರಳಿದ ಅಲೆಯೂ ಸೇರಿ ಏರಿಳಿಯುವುದು ಸಿಕ್ಕಿತು. ಪದರದ ಎತ್ತರವೂ ಲೆಕ್ಕಕ್ಕೆ ಬಂತು. 1947ರಲ್ಲಿ ನೊಬೆಲ್ ಕೂಡ ಬಂತು. ನಮ್ಮಲ್ಲಿ ಈ ಶಾಸ್ತ್ರವನ್ನು ಬೆಳೆಸಿದವರು ಕೋಲ್ಕತ್ತದ ಶಿಶಿರ್ ಕುಮಾರ್ ಮಿತ್ರಾ. ಆಲ್ ಇಂಡಿಯಾ ರೇಡಿಯೊ ಹುಟ್ಟುವ ಮುಂಚೆಯೇ ತಮ್ಮ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಪ್ರಾಯೋಗಿಕ ಪ್ರಸಾರ ನಡೆಸಿದವರು ಅವರು. ಈ ಪದರಗಳಿರುವ ಅಯಾನುಗೋಳದ ಬಗ್ಗೆ ಬರೆದದ್ದೂ ಅವರೇ, ಜನರನ್ನು ಮೈಕಿನ ಮುಂದೆ ನಿಲ್ಲಿಸಿದವರೂ ಅವರೇ. ಈಗಿನ ಪಾಡ್‌ಕಾಸ್ಟ್ ಕಂಪನಿಗಳಲ್ಲಿ ಅಂಥವರು ಎಷ್ಟು ಮಂದಿ ಇದ್ದಾರೋ!

ಹುಡುಗನ ಪ್ರಶ್ನೆಯ ನಡುಭಾಗಕ್ಕೆ ಬರೋಣ: ಕರೆಂಟು. ಉಕ್ಕಿನ ಊರಿನವರಿಗೆ ಕಾರ್ಖಾನೆಯ ಸೈರನ್ ಗೊತ್ತು. ಪಾಳಿ ಬದಲಾಗುವ ಹೊತ್ತಿಗೆ ಒಮ್ಮೆ ಕೂಗಿದರೆ ಮುಗಿಯಿತು. ಊರಿನಲ್ಲಿ ಹತ್ತು ಜನ ಕೇಳಿದರೂ ಒಂದೇ ಹಬೆ, ಹತ್ತು ಸಾವಿರ ಜನ ಕೇಳಿದರೂ ಅದೇ ಹಬೆ. ಯಾರು ಕೇಳಿದರು, ಯಾರು ಮಗ್ಗುಲು ಬದಲಿಸಿ ಮಲಗಿದರು ಎಂಬುದು ಸೈರನ್ನಿಗೆ ಬೇಕಿಲ್ಲ, ತಿಳಿಯುವುದೂ ಇಲ್ಲ. ಇದನ್ನೇ ತೆಗೆದು, ಪ್ರತಿ ಕೆಲಸಗಾರನ ಮನೆಗೂ ಒಬ್ಬೊಬ್ಬ ಆಳನ್ನು ಕಳಿಸಿ ಕದ ತಟ್ಟಿಸುವ ವ್ಯವಸ್ಥೆ ಮಾಡಿದರೆ? ಅನುಕೂಲ ಬೇಕಾದಷ್ಟಿದೆ: ರಾತ್ರಿ ಪಾಳಿಯವನನ್ನು ಬೆಳಿಗ್ಗೆ ಎಬ್ಬಿಸಬೇಕಿಲ್ಲ, ಊರಿಗೆ ಹೋದವನು ಬಂದ ಮೇಲೂ ತಟ್ಟಬಹುದು. ಆದರೆ ಮನೆ ಹೆಚ್ಚಿದಂತೆ ಆಳು ಹೆಚ್ಚಬೇಕು, ದಾರಿ ಸರಿಯಿರಬೇಕು, ಮೇಲಾಗಿ ಯಾರ ಮನೆಯ ಕದ ಎಷ್ಟು ಹೊತ್ತಿಗೆ ತೆರೆಯಿತು ಎಂಬ ಪುಸ್ತಕವೊಂದು ತಾನಾಗಿಯೇ ತುಂಬುತ್ತಾ ಹೋಗುತ್ತದೆ.

ರೇಡಿಯೊ ಆ ಸೈರನ್ನಿನಂತೆ, ಪಾಡ್‌ಕಾಸ್ಟ್ ಕದ ತಟ್ಟುವ ಆಳಿನಂತೆ. ಲೆಕ್ಕ ಹಾಕಿ ನೋಡಿ. ಭದ್ರಾವತಿಯ ಮೀಡಿಯಂ ವೇವ್ ಶಕ್ತಿ 20 ಕಿಲೋವ್ಯಾಟ್. ಗಂಟೆಗೆ 20 ಯೂನಿಟ್ ವಿದ್ಯುತ್ತು ಅಲೆಯಾಗಿ ಹೋಗುತ್ತದೆ, ಯಂತ್ರದೊಳಗಿನ ನಷ್ಟ ಬೇರೆ. ಕೇಳುಗರು ಒಂದು ಲಕ್ಷವಾದರೂ ಅಷ್ಟೇ. ಅದೇ ಒಂದು ಗಂಟೆಯ ಮಾತನ್ನು ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ ಕಡತ ಮಾಡಿದರೆ 28.8 ಎಂಬಿ. ಲಕ್ಷ ಜನ ಇಳಿಸಿಕೊಂಡರೆ 28 ಲಕ್ಷ 80 ಸಾವಿರ ಎಂಬಿ, ಅಂದರೆ ಸುಮಾರು 2.9 ಟೆರಾಬೈಟ್ ಪ್ರತಿಯೊಬ್ಬರ ಮೊಬೈಲಿಗೂ ಬೇರೆಬೇರೆಯಾಗಿ ಹೋಗಬೇಕು. ಡೇಟಾ ದುಡ್ಡು ಕೇಳುಗರದು. ನಗರದಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂದು ಫಲಕ ಹಿಡಿದ ಮಲೆನಾಡಿನ ಹಳ್ಳಿಗಳು ದೂರದಲ್ಲಿಲ್ಲ. ಆಷಾಢದ ಮಳೆಗೆ ಮರ ಬಿದ್ದು ಲೈನು ಹೋಗಿ, ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದಾಗ ಎರಡು ಸೆಲ್ಲಿನ ರೇಡಿಯೊ ಕೆಲಸ ಮಾಡುತ್ತದೆ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಮಳೆ ಯಾವಾಗ ಬಿಡುವು ಕೊಡಬಹುದು ಎಂದು ತಿಳಿಯಬೇಕಾದ್ದು ಸರಿಯಾಗಿ ಆಗಲೇ.

ಪಾಡ್‌ಕಾಸ್ಟಿನ ಹುಟ್ಟೂ ಸೊಗಸಾದದ್ದು, ಅದನ್ನು ಹೀಗಳೆಯುವ ಇರಾದೆ ನನಗಿಲ್ಲ. ಅದರ ಜೀವ ಇರುವುದು ಆರ್‌ಎಸ್‌ಎಸ್ ಎಂಬ ಬಡಪಾಯಿ ಪಠ್ಯಕಡತದಲ್ಲಿ. 2000ದ ಕೊನೆಯಲ್ಲಿ ಡೇವ್ ವೈನರ್ ಎಂಬ ತಂತ್ರಾಂಶಿಗ ಅದರೊಳಗೆ ಧ್ವನಿ ಕಡತದ ವಿಳಾಸವನ್ನೂ ಲಗತ್ತಿಸುವಂತೆ ಮಾಡಿದ. ಆಡಂ ಕರಿ ಎಂಬ ಟಿವಿ ನಿರೂಪಕ ಅದರ ಬೆನ್ನು ಹತ್ತಿದ. ಪಾಡ್‌ಕಾಸ್ಟಿಂಗ್ ಎಂಬ ಹೆಸರು 2004ರ ಫೆಬ್ರುವರಿಯಲ್ಲಿ ಬೆನ್ ಹ್ಯಾಮರ್ಸ್ಲಿ ‘ಗಾರ್ಡಿಯನ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಬಂತು. 2005ರ ಜೂನಿನಲ್ಲಿ ಆಪಲ್ ತನ್ನ ಐಟ್ಯೂನ್ಸಿಗೆ ಸೇರಿಸಿಕೊಂಡ ಮೇಲೆ ಜಗತ್ತಿಗೆಲ್ಲ ಹಬ್ಬಿತು. ಈ ವ್ಯವಸ್ಥೆಗೆ ಒಡೆಯನಿಲ್ಲ, ಯಾರು ಬೇಕಾದರೂ ಇಂಥ ಕಡತ, ಅಂದರೆ ಫೀಡ್, ಮಾಡಬಹುದು, ಯಾವ ಆ್ಯಪಿನಲ್ಲಾದರೂ ಕೇಳಬಹುದು. ಈಗಿನ ‘ವಿಡಿಯೊ ಪಾಡ್‌ಕಾಸ್ಟ್’ಗಳು, ಅಂದರೆ ಎರಡು ಕುರ್ಚಿ, ಎರಡು ದಪ್ಪ ಮೈಕು, ಎರಡೂವರೆ ಗಂಟೆಯ ಹರಟೆ, ನನ್ನ ಪ್ರಕಾರ ಬರೀ ಟಿವಿ ಸಂದರ್ಶನ. ಕನ್ನಡದಲ್ಲಿ ‘ತಲೆ-ಹರಟೆ’ಯಂಥವು ಕಿವಿಗಾಗಿಯೇ ಮಾಡಿದ ಪಾಡ್‌ಕಾಸ್ಟ್‌ಗಳು, ಇನ್ನೂ ಹೆಚ್ಚು ಬರಬೇಕು.

ಈ ಕಡತಗಳು ಇಷ್ಟು ಚಿಕ್ಕದಾಗಲು ಕಾರಣ ಎಂಪಿ3. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಹಿಡಿಯುವ ಸದ್ದನ್ನು ಅದು 128ಕ್ಕೆ ಇಳಿಸುತ್ತದೆ. ಹನ್ನೊಂದರಲ್ಲಿ ಹತ್ತು ಪಾಲು ಬಿಸಾಡಿದರೂ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಯಾಕೆಂದರೆ ದೊಡ್ಡ ಸದ್ದಿನ ಪಕ್ಕದ ಸಣ್ಣ ಸದ್ದು ಮನುಷ್ಯನ ಕಿವಿಗೆ ಕೇಳಿಸುವುದೇ ಇಲ್ಲ. ಕೇಳಿಸದ್ದನ್ನು ಹೊರುವುದು ದಂಡ. ಜರ್ಮನಿಯ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಇದನ್ನು ಸಾಧಿಸಿದ್ದು ಕೇಳುವಿಕೆಯ ಮನಃಶಾಸ್ತ್ರದ ಮೇಲೆ ನಿಂತು. ಸುಝಾನ್ ವೇಗಾ ವಾದ್ಯವಿಲ್ಲದೆ ಹಾಡಿದ ಹಾಡೊಂದನ್ನು ಸಾವಿರ ಸಲ ಕೇಳಿ ಕೇಳಿ ತಪ್ಪು ತಿದ್ದಿದರಂತೆ. ಒಂಟಿ ಗಂಟಲಿನಲ್ಲಿ ಮೋಸ ಬೇಗ ಬಯಲಾಗುತ್ತದೆ.

ಮನಃಶಾಸ್ತ್ರ ಎಂದೆ. ಕನ್ನಡದ ರೇಡಿಯೊ ಶುರು ಮಾಡಿದವರೂ ಎಂಜಿನಿಯರಲ್ಲ, ಮನಃಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಕೈಕೆಳಗೆ ಓದಿ ಬಂದು ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದ 30 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರಿನಲ್ಲಿ ‘ಆಕಾಶವಾಣಿ’ ನಡೆಸಿದರು. ಮೂವತ್ತು ವ್ಯಾಟ್! ಹಳೇ ಮಾದರಿಯ ಒಂದು ಟ್ಯೂಬ್‌ಲೈಟಿಗಿಂತಲೂ ಕಡಿಮೆ. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು, ಹೆಸರು ಇಡೀ ದೇಶದ್ದಾಯಿತು. ಗೋಪಾಲಸ್ವಾಮಿಯವರು ಅಂದು ಮಾಡಿದ್ದನ್ನು ಈಗಿನ ಕಣ್ಣಿನಲ್ಲಿ ನೋಡಿದರೆ ಮನೆಯ ಕೋಣೆಯಲ್ಲಿ ಕೂತು ಪಾಡ್‌ಕಾಸ್ಟ್ ಮಾಡುವ ಹುಡುಗರ ಕೆಲಸವೇ. ಒಂದೇ ವ್ಯತ್ಯಾಸ, ಅವರ ಮಾತು ಹೇಳಿದ ಗಳಿಗೆಯಲ್ಲೇ ಗಾಳಿಯಲ್ಲಿ ಕರಗಿಹೋಯಿತು. ಅಂದಿನ ಆ ಪ್ರಸಾರವನ್ನು ಇವತ್ತು ಕೇಳಲಾಗುವುದಿಲ್ಲ.

ರೇಡಿಯೊದ ದೊಡ್ಡ ಕೊರತೆ ಅದೇ. ಹೊತ್ತು ತಪ್ಪಿದರೆ ಮಾತು ತಪ್ಪಿತು. ಇನ್ನೊಂದು ಕೊರತೆ ಈಚಿನದು: ಎಲ್ಇಡಿ ಬಲ್ಬು, ಇನ್ವರ್ಟರು, ಅಗ್ಗದ ಚಾರ್ಜರುಗಳು ಮೀಡಿಯಂ ವೇವ್ ಪಟ್ಟಿಯಲ್ಲಿ ಗೊರಗೊರ ಸದ್ದು ತುಂಬುತ್ತವೆ. ಟ್ರಾನ್ಸಿಸ್ಟರನ್ನು ಮನೆಯೊಳಗೆ ಇಟ್ಟರೆ ಕೇಳದ ಭದ್ರಾವತಿ, ಜಗಲಿಗೆ ತಂದರೆ ಕೇಳುತ್ತದೆ. ಸೆಟ್ಟನ್ನು ಅಡ್ಡಡ್ಡ ತಿರುಗಿಸಿ ನೋಡಿ, ಒಳಗಿನ ಫೆರೈಟ್ ಕಡ್ಡಿ ಸರಿಯಾದ ದಿಕ್ಕಿಗೆ ಬಂದೊಡನೆ ದನಿ ಏರುತ್ತದೆ. ಈ ಗೊರಗೊರಕ್ಕೆ ಪರಿಹಾರವೆಂದು ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರ ಬಂತು. ಟ್ರಾನ್ಸ್‌ಮಿಟರ್ ಬಂತು, ಕೇಳುವ ಸೆಟ್ಟು ಅಂಗಡಿಗಳಲ್ಲಿ ಸುಲಭಕ್ಕೆ ಸಿಗಲಿಲ್ಲ.

ಆ್ಯಪ್ ಇದೆಯಲ್ಲ ಎನ್ನುವವರಿಗೆ: ಇದೆ. ಪ್ರಸಾರ ಭಾರತಿಯ ‘ನ್ಯೂಸ್‌ಆನ್‌ಏರ್’ನಲ್ಲಿ ಭದ್ರಾವತಿಯೂ ಸಿಗುತ್ತದೆ, ಅಮೆರಿಕದಲ್ಲಿರುವ ತೀರ್ಥಹಳ್ಳಿಯವರಿಗೆ ಅದು ವರ. ಆದರೆ ಮೊಬೈಲನ್ನೂ ರೇಡಿಯೊವನ್ನೂ ಅಕ್ಕಪಕ್ಕ ಇಟ್ಟು ಒಂದೇ ವಾರ್ತೆ ಕೇಳಿ. ರೇಡಿಯೊದಲ್ಲಿ ಮುಗಿದ ವಾಕ್ಯ ಮೊಬೈಲಿನಲ್ಲಿ ಆಮೇಲೆ ಶುರುವಾಗುತ್ತದೆ. ಸದ್ದನ್ನು ತುಂಡು ಮಾಡಿ, ಕೂಡಿಟ್ಟು, ಮತ್ತೆ ಜೋಡಿಸುವ ದಂಡ ಅದು. ಮೊಬೈಲಿನೊಳಗೇ ಎಫ್‌ಎಂ ಇದ್ದರೆ ಈ ತಾಪತ್ರಯವಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಫೋನುಗಳಲ್ಲಿ ಎಫ್‌ಎಂ ಉಳಿಸಿಕೊಳ್ಳಿ ಎಂದು ತಯಾರಕರಿಗೆ ಸಲಹೆಯನ್ನೂ ಕೊಟ್ಟಿತು. ಆದರೆ ಫೋನಿನ ಎಫ್‌ಎಂಗೆ ಇಯರ್‌ಫೋನಿನ ವೈರೇ ಏರಿಯಲ್, 103.5ರ ಅಲೆಯ ಕಾಲು ಭಾಗ ಸುಮಾರು 72 ಸೆಂಟಿಮೀಟರ್, ಒಂದು ಮೊಳಕ್ಕಿಂತ ಹೆಚ್ಚು ಉದ್ದದ ಆ ವೈರು ಅದಕ್ಕೆ ಸರಿಹೊಂದುತ್ತದೆ. ವೈರಿಲ್ಲದ ಬ್ಲೂಟೂತ್ ಬಂದ ಮೇಲೆ ಏರಿಯಲ್ಲೂ ಹೋಯಿತು.

ಹಾಗಾಗಿ ಹುಡುಗನಿಗೆ ನನ್ನ ಉತ್ತರ: ಟವರ್ ಇರಲಿ, ಫೀಡೂ ಬರಲಿ. ಇವತ್ತು ಕೇಳಲೇಬೇಕಾದ್ದಕ್ಕೆ ಟವರ್ ಬೇಕು. ನಾಳೆಯೂ ಕೇಳಬೇಕಾದ್ದಕ್ಕೆ ಪಾಡ್‌ಕಾಸ್ಟ್ ಬೇಕು. ಆಕಾಶವಾಣಿಯ ಕೇಂದ್ರಗಳು ಈಗ ಯೂಟ್ಯೂಬಿಗೆ ಕೆಲವನ್ನು ಹಾಕುತ್ತಿವೆ, ಒಳ್ಳೆಯದೇ. ಆದರೆ ಅದು ಇನ್ನೊಬ್ಬರ ಜಗಲಿ. ಭದ್ರಾವತಿ ತನ್ನದೇ ಆರ್‌ಎಸ್‌ಎಸ್ ಫೀಡ್ ತೆರೆದು ನಾಟಕ, ಗಮಕ, ಕೃಷಿ ಭಾಷಣಗಳನ್ನು ಅಲ್ಲಿ ಇಡಬೇಕು. ಖರ್ಚಿನ ಮಾತು ಯಾರಾದರೂ ಎತ್ತಿದರೆ ಈ ಲೆಕ್ಕ ತೋರಿಸಿ: 64 ಕಿಲೋಬಿಟ್ಟಿನಲ್ಲಿ ಐನೂರು ಗಂಟೆಯ ಮಾತಿಗೆ 14.4 ಜಿಬಿ ಸಾಕು. ಶಿವಮೊಗ್ಗದ ಯಾವ ಮೊಬೈಲ್ ಅಂಗಡಿಯಲ್ಲಾದರೂ ಸಿಗುವ ಒಂದು ಪೆನ್‌ಡ್ರೈವ್.