‘ಮಿಲಿಟ್ರಿಯವರಿಗೇನು ಕಡಿಮೆ?’

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಸೇನೆಯಿಂದ ನಿವೃತ್ತರಾಗಿ ಬಂದವರ ಹೆಸರಿಗೆ ‘ಮಿಲಿಟ್ರಿ’ ಅಂಟಿಕೊಂಡರೆ ಕೊನೆಯ ತನಕ ಬಿಡುವುದಿಲ್ಲ. ಜತೆಗೆ ಕೆಲವು ನಂಬಿಕೆಗಳೂ ಅಂಟಿಕೊಳ್ಳುತ್ತವೆ. ಪಿಂಚಣಿ ಬರುತ್ತದೆ, ಕ್ಯಾಂಟೀನ್ ಕಾರ್ಡ್ ಇದೆ, ಸರ್ಕಾರ ಜಮೀನು ಕೊಡುತ್ತದೆ, ಇನ್ನೇನು ಬೇಕು ಎಂಬ ಧಾಟಿ. ಬಹಳಷ್ಟು ಮಂದಿಗೆ ಇದು ನಿಜವೇ. ಆದರೆ ಯಾರ ವಿಷಯದಲ್ಲಿ ನಿಜವಲ್ಲವೋ ಅವರಿಗೆ ಈ ನಂಬಿಕೆಗಳೇ ಅಡ್ಡಗೋಡೆ. ‘ನಿಮಗೆ ಮನೆ ಇಲ್ಲವೇ?’ ಎಂದು ಅವರನ್ನು ಕೇಳಬೇಕು ಎಂದೇ ಯಾರಿಗೂ ತೋಚುವುದಿಲ್ಲ.

ತಪ್ಪು ಕಲ್ಪನೆ: ಮನೆಯಿಲ್ಲದವರು ಬೆಂಗಳೂರಿನ ಫುಟ್‌ಪಾತಿನಲ್ಲಿರುತ್ತಾರೆ, ಮಲೆನಾಡಿನಲ್ಲಿ ಅಂಥವರಿಲ್ಲ

2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ರಾತ್ರಿ. ರಸ್ತೆ ಬದಿ, ರೈಲ್ವೆ ಪ್ಲಾಟ್‌ಫಾರಂ, ಮೇಲ್ಸೇತುವೆಯ ಅಡಿ, ಗುಡಿಯ ಮಂಟಪ, ಹೀಗೆ ಬಯಲಲ್ಲಿ ಮಲಗಿದ್ದವರ ಲೆಕ್ಕ ಅದು. ದೇಶಕ್ಕೆಲ್ಲ 17.7 ಲಕ್ಷ ಮಂದಿ ಸಿಕ್ಕರು. ನಮ್ಮ ಮೂರು ತಾಲ್ಲೂಕುಗಳಲ್ಲಿ ಬಯಲಲ್ಲಿ ಮಲಗಿ ಬದುಕಲು ಮಳೆ ಬಿಡುವುದಿಲ್ಲ. ಇಲ್ಲಿ ಮನೆ ಕಳೆದುಕೊಂಡವನು ಯಾರದಾದರೂ ಸೂರಿನಡಿ ಸೇರಿಕೊಳ್ಳುತ್ತಾನೆ. ಅಣ್ಣನ ಮನೆಯ ಜಗಲಿ, ಕೊಟ್ಟಿಗೆ ಪಕ್ಕದ ಕೋಣೆ, ತೋಟ ಕಾಯುವ ಶೆಡ್ಡು, ಇಲ್ಲವೇ ಕಾಫಿ ಎಸ್ಟೇಟಿನ ಲೈನು. ಲೈನ್ ಮನೆ ಇರುವುದು ಕೆಲಸ ಇರುವ ತನಕ. ಮಂಡಿ ಸೋತರೆ ಮನೆಯೂ ಹೋಯಿತು. ಗಣತಿಯ ಕಣ್ಣಿಗೆ ಇವರೆಲ್ಲ ಮನೆಯುಳ್ಳವರು. ರೇಷನ್ ಕಾರ್ಡಿನಲ್ಲಿ ಇನ್ನೂ ಅಣ್ಣನ ಕುಟುಂಬದ ಸದಸ್ಯರು.

ಸೈನಿಕರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮನೆ ಹಿಸ್ಸೆಯಾಗುವ ಕಾಲಕ್ಕೆ ಅವರು ಊರಲ್ಲಿರುವುದಿಲ್ಲ. ‘ನೀನು ಬಂದ ಮೇಲೆ ನಿನ್ನ ಪಾಲು ನೋಡಿದರಾಯ್ತು’ ಎಂಬ ಮಾತಿನ ಮೇಲೆ ಎಲ್ಲ ನಿಂತಿರುತ್ತದೆ. ಗಡಿಯಿಂದ ಕಳಿಸಿದ ದುಡ್ಡು ತೋಟಕ್ಕೆ ಗೊಬ್ಬರವಾಗಿ, ತಂಗಿಯ ಮದುವೆಯಾಗಿ, ಮನೆಗೆ ಹೆಂಚಾಗಿ ಕರಗಿರುತ್ತದೆ. ಪಹಣಿಯಲ್ಲಿ ಮಾತ್ರ ಕಳಿಸಿದವನ ಹೆಸರಿಲ್ಲ. ಮಾತು ಕೊಟ್ಟ ಹಿರಿಯರು ತೀರಿಕೊಂಡ ಮೇಲೆ ಅವನು ಸ್ವಂತ ಊರಿನಲ್ಲೇ ನೆಂಟ.

ತಪ್ಪು ಕಲ್ಪನೆ: ಮಾಜಿ ಸೈನಿಕ ಎಂದರೆ ಪಿಂಚಣಿದಾರ

ಜವಾನರ ದರ್ಜೆಯವರಿಗೆ ಸಾಮಾನ್ಯ ಸೇವಾ ಪಿಂಚಣಿ ಸಿಗಲು 15 ವರ್ಷದ ಸೇವೆ ಬೇಕು. ಮನೆಯ ತಾಪತ್ರಯಕ್ಕೆ ಒಂಬತ್ತನೇ ವರ್ಷಕ್ಕೋ ಹನ್ನೊಂದನೇ ವರ್ಷಕ್ಕೋ ಬಿಟ್ಟು ಬಂದವನಿಗೆ, ಶಿಸ್ತಿನ ಕಾರಣಕ್ಕೆ ಹೊರಬಿದ್ದವನಿಗೆ ಅದು ಇಲ್ಲ. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್‌ನಂಥ ಅರೆಸೇನಾ ಪಡೆಗಳವರನ್ನೂ ಊರು ಮಿಲಿಟ್ರಿ ಎಂದೇ ಕರೆಯುತ್ತದೆ. ಸರ್ಕಾರದ ವ್ಯಾಖ್ಯೆಯಲ್ಲಿ ಅವರು ‘ಮಾಜಿ ಸೈನಿಕ’ರಲ್ಲ, ಸೇನೆಯ ನಿವೃತ್ತರಿಗೆ ಇರುವ ಇಸಿಎಚ್‌ಎಸ್ ಆರೋಗ್ಯ ಯೋಜನೆಯೂ ಅವರದಲ್ಲ. 2022ರಲ್ಲಿ ಬಂದ ಅಗ್ನಿವೀರರದ್ದು ನಾಲ್ಕೇ ವರ್ಷದ ಸೇವೆ. ಕಾಯಂ ಆಗುವ ಶೇ 25ರಷ್ಟು ಮಂದಿಯನ್ನು ಬಿಟ್ಟು ಉಳಿದವರಿಗೆ ಕೈಗೆ ಒಂದು ಇಡಿಗಂಟು, ಪಿಂಚಣಿ ಇಲ್ಲ. ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಗೆ.

ಪಿಂಚಣಿಯಿಲ್ಲದ, ಹವಾಲ್ದಾರ್ ಹಾಗೂ ಅದಕ್ಕಿಂತ ಕೆಳಗಿನ ದರ್ಜೆಯ, 65 ದಾಟಿದ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಮಾಸಿಕ ನೆರವು ಇದೆ. 4,000 ರೂಪಾಯಿ ಇದ್ದದ್ದು 2025ರ ನವೆಂಬರ್‌ನಿಂದ 8,000 ಆಗಿದೆ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಡಿಸ್ಚಾರ್ಜ್ ಬುಕ್ ಸಮೇತ ಅರ್ಜಿ ಹಾಕಬೇಕು. ನೆಲೆಯಿಲ್ಲದೆ ಅಲೆದವನ ಹತ್ತಿರ ಮೊದಲು ಕಳೆದುಹೋಗಿರುವುದೇ ಆ ಪುಸ್ತಕ.

ಪಿಂಚಣಿ ಇದ್ದವರ ಕಥೆಯೂ ನಿಶ್ಚಿಂತೆಯದಲ್ಲ. ರಕ್ಷಣಾ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ, ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸಲೇಬೇಕು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವನು, ಮರೆವಿನವನು, ಕುಡಿತಕ್ಕೆ ಬಿದ್ದವನು ಅದನ್ನು ತಪ್ಪಿಸಿದರೆ ಪಿಂಚಣಿ ನಿಲ್ಲುತ್ತದೆ. ಪಿಂಚಣಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಆಮೇಲಿನದು ಗೊತ್ತೇ ಇದೆ.

ತಪ್ಪು ಕಲ್ಪನೆ: ಸರ್ಕಾರ ಅವರಿಗೆ ಜಮೀನು ಕೊಡುತ್ತದಲ್ಲ

ಕರ್ನಾಟಕ ಭೂಮಂಜೂರಾತಿ ನಿಯಮಗಳು, 1969ರಲ್ಲಿ ಮಾಜಿ ಸೈನಿಕರಿಗೆ ಪಾಲು ಮೀಸಲಿದೆ, ಸುಳ್ಳಲ್ಲ. ಆದರೆ ಮಂಜೂರು ಮಾಡಲು ಕಂದಾಯ ಭೂಮಿ ಬೇಕಲ್ಲ? ಮಲೆನಾಡಿನಲ್ಲಿ ಖಾಲಿ ಕಾಣುವ ನೆಲವೆಲ್ಲ ಒಂದೋ ಸೊಪ್ಪಿನಬೆಟ್ಟ, ಒಂದೋ ಗೋಮಾಳ, ಇಲ್ಲ ಡೀಮ್ಡ್ ಅರಣ್ಯ, ಇಲ್ಲವೇ ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಗೆ ಒಳಪಟ್ಟದ್ದು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡುವ 94ಸಿ ಕೂಡ ಅರಣ್ಯ ಭೂಮಿಗೆ ಅನ್ವಯಿಸದು. ವಸತಿ ಯೋಜನೆಯಲ್ಲಿ ಮನೆ ಕೇಳಿದರೆ ಮೊದಲು ನಿವೇಶನ ತೋರಿಸಿ ಎನ್ನುತ್ತಾರೆ. ಅರ್ಜಿಯ ಹಿಂಬರಹವನ್ನೇ ಹೊದ್ದು ಮಲಗುವಂತಿದ್ದರೆ ಇಲ್ಲಿ ಯಾರಿಗೂ ಚಳಿಯಾಗುತ್ತಿರಲಿಲ್ಲ.

ತಪ್ಪು ಕಲ್ಪನೆ: ಮೊದಲು ಕುಡಿತ ಬಿಡಲಿ, ಆಮೇಲೆ ಮನೆಯ ಮಾತು

ಊರಿನ ನ್ಯಾಯ ಇದು, ಕೇಳಲು ಸರಿಯಾಗಿಯೇ ಇದೆ. ಆದರೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗುವವನಿಗೆ ಮಾತ್ರೆ ಇಡಲು ಜಾಗವಿಲ್ಲ, ಬಾಗಿಲು ಹಾಕಿಕೊಂಡು ನಿದ್ರೆ ಮಾಡುವಂತಿಲ್ಲ. ಅಂಥಲ್ಲಿ ಕುಡಿತ ಬಿಡು ಎನ್ನುವುದು ಸುಲಭ, ಬಿಡುವುದು ಅಲ್ಲ. 1992ರಲ್ಲಿ ನ್ಯೂಯಾರ್ಕಿನಲ್ಲಿ ಮನೋವಿಜ್ಞಾನಿ ಸ್ಯಾಮ್ ಸೆಂಬೆರಿಸ್ ಈ ಕ್ರಮವನ್ನೇ ತಿರುಗಿಸಿದರು. ಮೊದಲು ಮನೆ, ಷರತ್ತಿಲ್ಲದೆ. ಚಿಕಿತ್ಸೆ ಆ ಮನೆಯಲ್ಲಿದ್ದುಕೊಂಡೇ. ‘ಹೌಸಿಂಗ್ ಫಸ್ಟ್’ ಎಂದು ಹೆಸರಾದ ಈ ದಾರಿಯನ್ನು ಅಮೆರಿಕ ತನ್ನ ಮಾಜಿ ಸೈನಿಕರಿಗೆ ಬಾಡಿಗೆ ನೆರವಿನ ಜತೆ ಅಳವಡಿಸಿತು. 2010ರಲ್ಲಿ ಅಲ್ಲಿ ಒಂದು ರಾತ್ರಿಯ ಎಣಿಕೆಗೆ ಸಿಕ್ಕ ಮನೆಯಿಲ್ಲದ ಮಾಜಿ ಸೈನಿಕರು 74 ಸಾವಿರ, 2024ರಲ್ಲಿ 33 ಸಾವಿರದೊಳಗೆ. ಅಮೆರಿಕದ ದುಡ್ಡು ನಮ್ಮಲ್ಲಿಲ್ಲ ಎನ್ನುವವರು ಚೆನ್ನೈ ಕಡೆ ನೋಡಬಹುದು. ಅಲ್ಲಿನ ‘ದಿ ಬ್ಯಾನಿಯನ್’ ಸಂಸ್ಥೆ 2015ರಿಂದ ‘ಹೋಮ್ ಅಗೇನ್’ ಹೆಸರಿನಲ್ಲಿ, ವರ್ಷಗಟ್ಟಲೆ ಆಶ್ರಯಧಾಮದಲ್ಲಿದ್ದ ಮಾನಸಿಕ ಅಸ್ವಸ್ಥ ಮಹಿಳೆಯರನ್ನು ಸಾಮಾನ್ಯ ಬೀದಿಯ ಬಾಡಿಗೆ ಮನೆಗಳಲ್ಲಿ ನಾಲ್ಕೈದು ಜನರಂತೆ ನೆಲೆಗೊಳಿಸುತ್ತಿದೆ.

ತಪ್ಪು ಕಲ್ಪನೆ: ಆಕ್ಯುಪೇಶನಲ್ ಥೆರಪಿ ಎಂದರೆ ಬುಟ್ಟಿ ಹೆಣೆಸುವುದು, ಇಲ್ಲವೇ ಅದೂ ಒಂದು ಫಿಸಿಯೋಥೆರಪಿ

ಮನೆ ಸಿಕ್ಕರೆ ಸಾಲದು, ಅದರಲ್ಲಿ ಉಳಿಯಲೂ ಬೇಕು; ಆಕ್ಯುಪೇಶನಲ್ ಥೆರಪಿ ನೆರವಾಗುವುದು ಅಲ್ಲಿ. ಈ ವೃತ್ತಿ ಬೆಳೆದದ್ದೇ ಗಾಯಗೊಂಡ ಸೈನಿಕರ ನಡುವೆ, ಮೊದಲ ಮಹಾಯುದ್ಧದ ಕಾಲದಲ್ಲಿ. ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವ, ಈಗ ಪುಣೆಯ ಖಡ್ಕಿಯಲ್ಲಿರುವ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಶುರುವಾದದ್ದೂ 1917ರಲ್ಲೇ. ಆಕ್ಯುಪೇಶನಲ್ ಥೆರಪಿ ಕಲಿಸುವ ನಮ್ಮ ದೇಶದ ಮೊದಲ ಶಾಲೆಯನ್ನು 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ತೆರೆದರು. ಫಿಸಿಯೋಥೆರಪಿಸ್ಟ್ ಕೈ ಎಷ್ಟು ಮೇಲೇಳುತ್ತದೆ ಎಂದು ನೋಡಿದರೆ, ಆಕ್ಯುಪೇಶನಲ್ ಥೆರಪಿಸ್ಟ್ ಆ ಕೈಯಲ್ಲಿ ಅಂಗಿಯ ಗುಂಡಿ ಹಾಕಲಾಗುತ್ತದೆಯೇ, ಅನ್ನಕ್ಕೆ ಇಡಲಾಗುತ್ತದೆಯೇ ಎಂದು ನೋಡುತ್ತಾರೆ. ನಿತ್ಯದ ಕೆಲಸವೇ ಇವರ ಪರೀಕ್ಷೆ, ಅದೇ ಇವರ ಔಷಧ.

ಒಬ್ಬ ನಿವೃತ್ತ ನಾಯಕ್ ಎಂದುಕೊಳ್ಳಿ. ವಯಸ್ಸು ಅರವತ್ತರ ಮೇಲೆ. ಬಲಗೈಗೆ ಲಕ್ವ ಹೊಡೆದಿದೆ, ಕುಡಿತ ಕಡಿಮೆಯಾಗಿದೆ ಆದರೆ ನಿಂತಿಲ್ಲ. ಬಾಳೆಹೊನ್ನೂರಿನಲ್ಲಿ ಹೇಗೋ ಒಂದು ಬಾಡಿಗೆ ಕೋಣೆ ಸಿಕ್ಕಿದೆ. ಥೆರಪಿಸ್ಟ್ ಬಂದು ಮೊದಲು ಮಾಡುವುದು ಉಪದೇಶವಲ್ಲ. ‘ಒಂದು ಲೋಟ ಚಾ ಮಾಡಿ ಕೊಡಿ’ ಎನ್ನುತ್ತಾರೆ. ಆ ಚಾದಲ್ಲಿ ಎಲ್ಲ ಗೊತ್ತಾಗುತ್ತದೆ. ಎಡಗೈಯಲ್ಲಿ ಲೈಟರ್ ಒತ್ತಲಾಗುತ್ತದೆಯೇ, ಹಾಲು ಉಕ್ಕುವ ಮೊದಲು ಗಮನ ಬರುತ್ತದೆಯೇ, ಸಕ್ಕರೆ ಎರಡು ಸಲ ಹಾಕಿದರೇ, ಕೊನೆಗೆ ರೆಗ್ಯುಲೇಟರ್ ಮುಚ್ಚಿದರೇ. ಗ್ಯಾಸ್ ಮುಚ್ಚಲು ಮರೆಯುವವನನ್ನು ಯಾವ ಮಾಲೀಕನೂ ಮೂರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಗ್ಯಾಸಿನ ಬದಲು ತಾನೇ ಆಫ್ ಆಗುವ ಕರೆಂಟ್ ಕೆಟಲ್ ಬರುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ಒಂದು ಬಾಡಿಗೆ ಉಳಿಯುವುದುಂಟು.

ಬಚ್ಚಲು ಹಿತ್ತಲಲ್ಲಿ, ಮೂರು ಮೆಟ್ಟಿಲು ಕೆಳಗೆ. ಆಷಾಢದಲ್ಲಿ ಮೆಟ್ಟಿಲೆಲ್ಲ ಹಾವಸೆ. ಅಲ್ಲಿಗೊಂದು ಕಬ್ಬಿಣದ ಪೈಪಿನ ಕೈಹಿಡಿ, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್, ಒಳಗೆ ಕೂತು ಮೀಯಲು ಪ್ಲಾಸ್ಟಿಕ್ ಕುರ್ಚಿ. ಬೀಳದಿದ್ದರೆ ಆಸ್ಪತ್ರೆ ಇಲ್ಲ, ಆಸ್ಪತ್ರೆ ಇಲ್ಲದಿದ್ದರೆ ಕೋಣೆ ಕೈತಪ್ಪುವುದಿಲ್ಲ.

ಹೊತ್ತಿನದು ಇದಕ್ಕಿಂತ ದೊಡ್ಡ ಸಮಸ್ಯೆ. ಪಡೆಯಲ್ಲಿ ಏಳುವ ಹೊತ್ತು, ಪಿಟಿ, ಹಾಜರಿ, ಲಂಗರಿನ ಊಟ ಎಲ್ಲಕ್ಕೂ ಬೇರೆಯವರು ಗಂಟೆ ಬಾರಿಸುತ್ತಿದ್ದರು. ಒಂಟಿ ಕೋಣೆಯಲ್ಲಿ ಗಂಟೆ ಬಾರಿಸುವವರಿಲ್ಲ; ಬೆಳಗ್ಗೆ ಹನ್ನೊಂದಾದರೂ ಏಳಬೇಕೆಂದಿಲ್ಲ, ಸಂಜೆ ಐದಕ್ಕೆ ವೈನ್‌ಶಾಪ್ ಕಡೆ ಕಾಲು ತಾನಾಗಿ ಹೋಗುತ್ತದೆ. ಥೆರಪಿಸ್ಟ್ ಅವರ ಜತೆ ಕೂತು ದಿನವನ್ನು ಮತ್ತೆ ಕಟ್ಟುತ್ತಾರೆ. ಮಾತ್ರೆ ಚಾದ ಜತೆ, ನಡಿಗೆ ಹಾಲಿನ ಡೈರಿಗೆ, ಪಿಂಚಣಿ ಬಂದ ದಿನವೇ ಬಾಡಿಗೆ ಮತ್ತು ಮೆಸ್ಕಾಂ ಬಿಲ್ಲು. ಐದು ಗಂಟೆಗೆ ಏನಾದರೂ ಕೆಲಸ ಇರಲೇಬೇಕು. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಮನೆಗಳಲ್ಲಿ ಸಂಜೆಯಾದರೆ ಜನ ಸೇರುತ್ತಾರೆ. ಒಂದು ಕೈಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂರುವುದಾಗದು, ನಿಜ. ಸುಲಿದದ್ದನ್ನು ಅಳೆದು ಯಾರದೆಷ್ಟು ಎಂದು ಬರೆದುಕೊಳ್ಳುವ ಕೆಲಸ ಎಡಗೈಯಲ್ಲೂ ನಡೆಯುತ್ತದೆ. ಲೆಕ್ಕದಲ್ಲಿ ಪಡೆಯವರನ್ನು ಜನ ನಂಬುತ್ತಾರೆ ಕೂಡ.

ಇನ್ನು ನಿದ್ರೆ. ಮಂಗ ಓಡಿಸಲು ತೋಟದಲ್ಲಿ ಹೊಡೆಯುವ ಗರ್ನಾಲು ನಮಗೆ ದಿನದ ಸದ್ದು. ಕಾಶ್ಮೀರದಲ್ಲಿದ್ದು ಬಂದ ಕೆಲವರಿಗೆ ಅದು ಬೇರೆಯೇ ಸದ್ದು. ಅಂಥವರು ರಾತ್ರಿ ಕೂಗಿ ಏಳುತ್ತಾರೆ, ಪಕ್ಕದ ಮನೆಯವರು ಮಾಲೀಕನಿಗೆ ದೂರುತ್ತಾರೆ. ಮಂಚವನ್ನು ಬಾಗಿಲು ಕಾಣುವ ಹಾಗೆ ತಿರುಗಿಸುವುದು, ಪಕ್ಕದ ತೋಟದವರಿಗೆ ‘ಹೊಡೆಯುವ ಮೊದಲು ಒಂದು ಮಾತು ಹೇಳಿ’ ಎಂದು ಕೇಳಿಕೊಳ್ಳುವುದು, ಮನೋವೈದ್ಯರಿಗೆ ತೋರಿಸುವುದು, ಇವೂ ಈ ಕೆಲಸದ ಭಾಗ. ಮನೆಯ ಕೀಲಿ ಕೊಟ್ಟು ಫೋಟೊ ತೆಗೆಸಿಕೊಂಡವರ ಪಟ್ಟಿಯಲ್ಲಿ ಇವು ಯಾವುವೂ ಇರುವುದಿಲ್ಲ. ಕೊಟ್ಟ ಮನೆಗಳಿಗೆ ಆರೇ ತಿಂಗಳಲ್ಲಿ ಬೀಗ ಬೀಳುವುದು ಇದಕ್ಕೇ ಎಂಬುದು ನನ್ನ ಅನಿಸಿಕೆ.

ತಪ್ಪು ಕಲ್ಪನೆ: ಅಲೆಯುತ್ತಿದ್ದರೆ ಪೊಲೀಸರಿಗೆ ಹೇಳಿ ಎಲ್ಲಾದರೂ ಸೇರಿಸಿದರೆ ಆಯಿತು

ಎಲ್ಲಾದರೂ ಅಲ್ಲ. ಮಾನಸಿಕ ಆರೋಗ್ಯ ಕಾಯ್ದೆ, 2017ರ ಸೆಕ್ಷನ್ 100ರಂತೆ ಮನೋರೋಗದಿಂದ ಅಲೆಯುತ್ತಿರುವವರನ್ನು ರಕ್ಷಣೆಗೆ ಪಡೆಯುವುದು ಠಾಣಾಧಿಕಾರಿಯ ಹೊಣೆ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿಗೆ ಹಾಕುವಂತಿಲ್ಲ, ಮನೆಯಿಲ್ಲದವರಾದರೆ ಕುಟುಂಬವನ್ನು ಹುಡುಕುವ ಕೆಲಸವೂ ಪೊಲೀಸರದೇ. ಸೆಕ್ಷನ್ 19 ಇನ್ನೂ ಖಡಕ್ಕಾಗಿದೆ: ಮನೆಯವರು ಸೇರಿಸಿಕೊಳ್ಳಲಿಲ್ಲ, ಇರಲು ನೆಲೆಯಿಲ್ಲ ಎಂಬ ಕಾರಣಕ್ಕೇ ಯಾರನ್ನೂ ಮಾನಸಿಕ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ರಾಜ್ಯದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಹೆಸರಿನಲ್ಲಿ ನಿರಾಶ್ರಿತರ ಕೇಂದ್ರಕ್ಕೆ ತುಂಬುವ ಹಳೆಯ ರೂಢಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಸಾಲು ಸಾಲಾಗಿ ಜನ ಸತ್ತದ್ದನ್ನು ನಾಡು ನೋಡಿದೆ.

ತಪ್ಪು ಕಲ್ಪನೆ: ಇದೆಲ್ಲ ದೊಡ್ಡ ಊರಿನಲ್ಲಿ ಆಗುವಂಥದ್ದು, ನಮ್ಮಲ್ಲಿ ಥೆರಪಿಸ್ಟ್ ಎಲ್ಲಿದ್ದಾರೆ?

ಅರ್ಧ ಸತ್ಯ. ಆಕ್ಯುಪೇಶನಲ್ ಥೆರಪಿಸ್ಟ್‌ರನ್ನು ಹುಡುಕಿಕೊಂಡು ಶೃಂಗೇರಿ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಬೇಕು. ಆದರೆ ಪಕ್ಕದ ತೀರ್ಥಹಳ್ಳಿಯನ್ನೇ ನೋಡಿ. ಸ್ಕಿಜೋಫ್ರೇನಿಯಾ ಇರುವವರನ್ನು ಅವರವರ ಊರಿನಲ್ಲೇ ಗುರುತಿಸಿ ಚಿಕಿತ್ಸೆ ಕೊಡುವ ಕೆಲಸವನ್ನು ನಿಮ್ಹಾನ್ಸ್ ಆ ತಾಲ್ಲೂಕಿನಲ್ಲಿ 2005ರಲ್ಲಿ ಆರಂಭಿಸಿತು. ಸ್ಥಳೀಯ ವೈದ್ಯರು, ಆರೋಗ್ಯ ಕಾರ್ಯಕರ್ತೆಯರು ಅದರ ಕೈಕಾಲು. ಅಲ್ಲಿಯದೂ ಇದೇ ಮಳೆ, ಇದೇ ತೋಟ, ಇದೇ ಬಸ್ಸಿಲ್ಲದ ದಾರಿ. ಪರಿಣತರು ಒಮ್ಮೆ ಬಂದು ಮನೆ ನೋಡಿ ಯೋಜನೆ ಹಾಕಿಕೊಟ್ಟರೆ, ಮುಂದಿನದನ್ನು ಆಶಾ ಕಾರ್ಯಕರ್ತೆ, ಮಾಜಿ ಸೈನಿಕರ ಸಂಘದವರು, ಮನೆಯವರು ನಡೆಸಬಹುದು.

ನಿಮ್ಮ ಊರಿನಲ್ಲಿ ಜಗಲಿಯಲ್ಲೋ ಶೆಡ್ಡಿನಲ್ಲೋ ದಿನ ದೂಡುತ್ತಿರುವ ಹಳೆಯ ಸೈನಿಕರಿದ್ದರೆ, ಹಬ್ಬಕ್ಕೆ ಶಾಲು ಹೊದಿಸುವ ಮೊದಲು ಅವರ ಕಾಗದ ಪತ್ರ ನೋಡಿ. ಡಿಸ್ಚಾರ್ಜ್ ಬುಕ್ ಕಳೆದಿದ್ದರೆ ಅವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಸೈನಿಕ ಸಂಖ್ಯೆ ಹಾಕಿ ಬರೆಯಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪಿನವರಾದರೆ ಆ ಆಫೀಸು ಬೆಂಗಳೂರಿನಲ್ಲೇ ಇದೆ. ಪುಸ್ತಕ ಕಳೆದರೂ ಸೈನಿಕ ಸಂಖ್ಯೆಯನ್ನು ಅವರು ಮರೆತಿರುವುದಿಲ್ಲ. ಜೀವಿತ ಪ್ರಮಾಣಪತ್ರದ ತಿಂಗಳು ನೆನಪಿಸಿ. ನಿದ್ರೆ, ಕುಡಿತ, ಮನಸ್ಸಿನ ತೊಂದರೆ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.