ನಿರಾಯುಧ ಅತಿಥಿ

ದೂರದ ನಾಡುಗಳನ್ನು ಕಾಣಬೇಕೆಂಬ ಹಂಬಲ ಮಾನವನಿಗೆ ಹೊಸದಲ್ಲ. ಹಿಂದಿನ ಶತಮಾನಗಳಲ್ಲಿ ಯೂರೋಪಿನ ಅನೇಕ ಸಾಹಸಿಗಳು ಹೊನ್ನನ್ನೂ ಸಂಬಾರ ಪದಾರ್ಥಗಳನ್ನೂ ಅರಸಿ ಸಮುದ್ರಗಳನ್ನು ದಾಟಿದರು. ಅವರ ಹಡಗುಗಳಲ್ಲಿ ಫಿರಂಗಿಗಳಿದ್ದವು. ಅವರು ಇಳಿದ ದ್ವೀಪಗಳಲ್ಲಿ ಬಹುವೇಳೆ ಕಣ್ಣೀರು ಹರಿಯಿತು. ಆದರೆ ಅರಿವನ್ನು ಮಾತ್ರ ಅರಸಿ, ಅತಿಥಿಯಂತೆ ಹೋಗಿ, ಆ ಜನರ ಗೆಳೆಯನಾಗಿ ಹಿಂದಿರುಗಿದವರೂ ಉಂಟು. ರಷ್ಯಾದ ವಿಜ್ಞಾನಿ ನಿಕೊಲಾಯ್ ಮಿಕ್ಲುಖೊ-ಮಕ್ಲಾಯ್ ಅಂತಹವರಲ್ಲಿ ಅಗ್ರಗಣ್ಯನು.

ಮಕ್ಲಾಯ್ ಹುಟ್ಟಿದ್ದು 1846ರಲ್ಲಿ. ಜರ್ಮನಿಯಲ್ಲಿ ವೈದ್ಯ ಮತ್ತು ಪ್ರಾಣಿಶಾಸ್ತ್ರಗಳನ್ನು ಅಭ್ಯಾಸ ಮಾಡಿದನು. ಮಾನವರೆಲ್ಲರೂ ಒಂದೇ ಕುಲದವರಲ್ಲ, ಕಪ್ಪು ಜನಾಂಗಗಳು ಹುಟ್ಟಿನಿಂದಲೇ ಕೀಳು ಎಂದು ವಾದಿಸುವ ಪಂಡಿತರು ಆ ಕಾಲದಲ್ಲಿ ಹಲವರಿದ್ದರು. ನ್ಯೂಗಿನಿ ದ್ವೀಪದ ಪಪುವಾ ಜನರ ತಲೆಗೂದಲು ಕೂಡ ಇತರರ ಕೂದಲಿನಂತಲ್ಲದೆ ಗೊಂಚಲು ಗೊಂಚಲಾಗಿ ಬೆಳೆಯುತ್ತದೆಂದು ಅವರು ಬರೆದಿದ್ದರು. ಆ ಜನರ ನಡುವೆ ವಾಸ ಮಾಡದೆ ಇಂತಹ ತೀರ್ಪು ಕೊಡುವುದು ಸರಿಯಲ್ಲವೆಂದು ಮಕ್ಲಾಯನಿಗೆ ತೋರಿತು.

ನ್ಯೂಗಿನಿಯು ಆಸ್ಟ್ರೇಲಿಯಾದ ಉತ್ತರಕ್ಕಿದೆ. ಗ್ರೀನ್‌ಲೆಂಡನ್ನು ಬಿಟ್ಟರೆ ಜಗತ್ತಿನಲ್ಲಿ ಇದೇ ದೊಡ್ಡ ದ್ವೀಪ. 1871ರ ಸೆಪ್ಟೆಂಬರಿನಲ್ಲಿ 'ವೀತ್ಯಾಜ್' ಎಂಬ ರಷ್ಯನ್ ನೌಕೆಯು ಅದರ ಈಶಾನ್ಯ ತೀರದ ಆಸ್ಟ್ರೊಲೇಬ್ ಕೊಲ್ಲಿಯನ್ನು ಸೇರಿತು. ನಾವಿಕರು ದಡದಲ್ಲಿ ಒಂದು ಪುಟ್ಟ ಗುಡಿಸಲನ್ನು ಕಟ್ಟಿಕೊಟ್ಟರು. ಆಪತ್ತಿಗೆ ಇರಲೆಂದು ಅದರ ಸುತ್ತ ಸಿಡಿಮದ್ದನ್ನೂ ಹೂತಿಟ್ಟರು. ಮಕ್ಲಾಯ್ ಅದನ್ನು ಎಂದೂ ಬಳಸಲಿಲ್ಲ. ಹಡಗು ಹೊರಟುಹೋಯಿತು, ಇಬ್ಬರು ಸೇವಕರೊಡನೆ ಅವನು ಅಲ್ಲಿ ಉಳಿದನು. ಇಬ್ಬರೂ ಬೇಗನೆ ಕಾಯಿಲೆ ಬಿದ್ದರು. ಅವರಲ್ಲೊಬ್ಬನು ಕೆಲವು ತಿಂಗಳಲ್ಲಿಯೇ ತೀರಿಕೊಂಡನು. ಹೀಗಾಗಿ ಹಳ್ಳಿಗಳಿಗೆ ಹೋಗಬೇಕಾದಾಗ ಅವನು ಒಂಟಿಯಾಗಿಯೇ ಹೋಗಬೇಕಾಯಿತು.

ಮೊದಲ ಸಲ ಹತ್ತಿರದ ಹಳ್ಳಿಗೆ ಹೊರಟಾಗ ಪಿಸ್ತೂಲನ್ನು ಒಯ್ಯಬೇಕೆ, ಬೇಡವೆ ಎಂದು ಅವನು ಆಲೋಚಿಸಿದನು. ಕೈಯಲ್ಲಿ ಪಿಸ್ತೂಲಿದ್ದರೆ ಕೋಪದ ಒಂದು ಕ್ಷಣದಲ್ಲಿ ಅದು ಸಿಡಿಯಬಹುದು. ಒಬ್ಬನು ಸತ್ತರೆ ಇಡೀ ಊರು ಶತ್ರುವಾಗುತ್ತದೆ. ಬಂದ ಕಾರ್ಯವೂ ಕೆಡುತ್ತದೆ. ಆದ್ದರಿಂದ ಅವನು ಬರಿಗೈಯಲ್ಲಿ ನಡೆದನು. ಹಳ್ಳಿಯಲ್ಲಿ ಬಾಣಗಳು ಅವನ ಪಕ್ಕದಲ್ಲಿಯೇ ಹಾದುಹೋದವು. ಒಬ್ಬನು ಮುಖದ ಬಳಿಯೇ ಈಟಿಯನ್ನು ಝಳಪಿಸಿದನು. ಮಕ್ಲಾಯ್ ಓಡಲಿಲ್ಲ, ಕೈಯನ್ನೂ ಎತ್ತಲಿಲ್ಲ. ನೆರಳಿನಲ್ಲಿ ಒಂದು ಚಾಪೆಯನ್ನು ಹಾಸಿ, ಬೂಟುಗಳ ದಾರವನ್ನು ಸಡಿಲಿಸಿ, ಮಲಗಿ ನಿದ್ರೆಹೋದನು! ಎರಡು ಗಂಟೆಗಳಿಗೂ ಹೆಚ್ಚು ಕಾಲ ಕಳೆದು ಎಚ್ಚರಗೊಂಡಾಗ ಹಳ್ಳಿಯ ಕೆಲವರು ಆಯುಧಗಳಿಲ್ಲದೆ ಸುತ್ತ ಕುಳಿತು, ಅಡಿಕೆ ಜಗಿಯುತ್ತ ಅವನನ್ನೇ ನೋಡುತ್ತಿದ್ದರು.

ಇದರ ಅರ್ಥವೇನು? ಆಯುಧ ಹಿಡಿದು ಬರುವವನು ತಾನು ಹೆದರಿರುವುದನ್ನೂ, ಇತರರು ತನಗೆ ಹೆದರಬೇಕೆಂಬುದನ್ನೂ ಏಕಕಾಲಕ್ಕೆ ಸಾರುತ್ತಾನೆ. ನಿದ್ರಿಸುವವನು ತನ್ನ ಪ್ರಾಣವನ್ನೇ ಎದುರಿನವರ ಕೈಯಲ್ಲಿ ಇಡುತ್ತಾನೆ. ಮಾತು ಬಾರದಲ್ಲಿ ನಂಬಿಕೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ಬಗೆ ಯಾವುದಿದೆ?

ನಂಬಿಕೆ ಬೆಳೆದಂತೆ ಸ್ನೇಹವೂ ಬೆಳೆಯಿತು. ಟುಯಿ ಎಂಬವನು ಅವನ ಮೊದಲ ಗೆಳೆಯನಾದನು. ಮರ ಬಿದ್ದು ಟುಯಿಯ ತಲೆಗೆ ಪೆಟ್ಟಾದಾಗ ಮಕ್ಲಾಯ್ ಅವನ ಮನೆಗೆ ಹೋಗಿ ಶುಶ್ರೂಷೆ ಮಾಡಿದನು. ಹಳ್ಳಿಯವರು ಅವನಿಗೆ ತೆಂಗಿನಕಾಯಿ, ಗೆಣಸುಗಳನ್ನು ತಂದುಕೊಡುತ್ತಿದ್ದರು. ಭಾಷೆಯನ್ನು ಕಲಿಯುವುದು ಮಾತ್ರ ಸುಲಭವಾಗಲಿಲ್ಲ. ಒಂದು ಎಲೆಯನ್ನು ತೋರಿಸಿ ಅದರ ಹೆಸರನ್ನು ಕೇಳಿದರೆ ಒಬ್ಬನು ಗಿಡದ ಹೆಸರನ್ನೂ, ಇನ್ನೊಬ್ಬನು ಹಸಿರು ಬಣ್ಣದ ಹೆಸರನ್ನೂ ಹೇಳುತ್ತಿದ್ದನು. ನೆಲದಿಂದ ಎತ್ತಿಕೊಂಡದ್ದೆಂದು ಮತ್ತೊಬ್ಬನು 'ಕೊಳಕು' ಎನ್ನುತ್ತಿದ್ದನು. 'ಒಳ್ಳೆಯದು' ಎಂಬ ಒಂದು ಪದ ತಿಳಿಯಲು ಅವನಿಗೆ ತಿಂಗಳುಗಳೇ ಹಿಡಿದವು. ಹಲವು ಸಲ ಚಳಿಜ್ವರದಿಂದ ನರಳುತ್ತಲೂ ಅವನು ಟಿಪ್ಪಣಿಗಳನ್ನು ಬರೆಯುವುದನ್ನು ಬಿಡಲಿಲ್ಲ.

ಆ ಜನ ಅವನನ್ನು 'ಚಂದ್ರಲೋಕದ ಮನುಷ್ಯ' ಎಂದು ಕರೆದರು. ಅವನಿಗೆ ಸಾವಿಲ್ಲವೆಂದೂ ಶಂಕಿಸಿದರು. 1876ರಲ್ಲಿ ಅವನು ಎರಡನೆಯ ಬಾರಿ ಬಂದು ನೆಲಸಿದ್ದಾಗ, 'ನೀನು ಸಾಯುವೆಯಾ?' ಎಂದು ಸೌಲ್ ಎಂಬವನು ಕೇಳಿದನು. ಸಾವಿಲ್ಲವೆಂದು ಸುಳ್ಳು ಹೇಳಲು ಮಕ್ಲಾಯನಿಗೆ ಮನಸ್ಸಾಗಲಿಲ್ಲ. ಅವನು ಒಂದು ಈಟಿಯನ್ನು ಸೌಲನ ಕೈಗಿತ್ತು, ತನಗೆ ಸಾವುಂಟೋ ಇಲ್ಲವೋ ಪರೀಕ್ಷಿಸಿ ನೋಡೆಂದು ಎದುರಿಗೆ ನಿಂತನು. ಸೌಲನು ಈಟಿಯನ್ನು ಎಸೆಯಲು ಒಪ್ಪಲಿಲ್ಲ. ಮೊದಲ ಭೇಟಿಯಲ್ಲಿ ಮುಖದ ಬಳಿ ಝಳಪಿಸಿದ್ದ ಈಟಿ ಈಗ ಸ್ನೇಹದ ಮುಂದೆ ತಲೆಬಾಗಿತ್ತು.

ಬೋಳಿಸಿದ ತಲೆಗಳನ್ನು ಹತ್ತಿರದಿಂದ ಪರೀಕ್ಷಿಸಿದ ಮಕ್ಲಾಯ್, ಪಪುವಾ ಜನರ ಕೂದಲು ಎಲ್ಲರ ಕೂದಲಿನಂತೆಯೇ ಬೆಳೆಯುತ್ತದೆಂದು ಕಂಡುಕೊಂಡನು. ಕೀಳೆಂಬ ವಾದಕ್ಕೆ ಅವರ ಬೇಸಾಯ, ಮನೆ, ನಡೆನುಡಿಗಳಲ್ಲಿಯೂ ಅವನಿಗೆ ಆಧಾರ ದೊರೆಯಲಿಲ್ಲ. ಮನುಷ್ಯನು ಎಲ್ಲೆಡೆಯೂ ಮನುಷ್ಯನೇ ಎಂಬುದನ್ನು ಅನುಭವದಿಂದ ಸಿದ್ಧಪಡಿಸಿದ್ದಕ್ಕಾಗಿ 1886ರಲ್ಲಿ ಟಾಲ್‌ಸ್ಟಾಯ್ ಅವನಿಗೆ ಪತ್ರ ಬರೆದು ಮೆಚ್ಚುಗೆ ಸೂಚಿಸಿದನು.

ಮಕ್ಲಾಯನ ಸ್ನೇಹ ಅಧ್ಯಯನದೊಡನೆ ಮುಗಿಯಲಿಲ್ಲ. ದ್ವೀಪವಾಸಿಗಳನ್ನು ಹಿಡಿದು ದುಡಿಮೆಗೆ ಮಾರುವ ವ್ಯಾಪಾರವನ್ನು ಅವನು ಬಲವಾಗಿ ಖಂಡಿಸಿದನು. ತನ್ನಂತಲ್ಲದ ಬಿಳಿಯರೂ ಬರಬಹುದೆಂದು ಹಳ್ಳಿಗರನ್ನು ಎಚ್ಚರಿಸಿದನು. 1884ರಲ್ಲಿ ಜರ್ಮನಿಯು ಆ ತೀರವನ್ನು ವಶಪಡಿಸಿಕೊಂಡಿತು. ಮಕ್ಲಾಯ್ ಬಿಸ್ಮಾರ್ಕನಿಗೆ ತಂತಿ ಕಳುಹಿಸಿ ಪ್ರತಿಭಟಿಸಿದನು; ಆದರೆ ಸಾಮ್ರಾಜ್ಯಗಳ ಲೋಭದ ಮುಂದೆ ಒಬ್ಬ ವಿಜ್ಞಾನಿಯ ದನಿ ಸಾಲದೆಹೋಯಿತು. 1888ರಲ್ಲಿ, ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ ಅವನು ಪೀಟರ್ಸ್‌ಬರ್ಗಿನಲ್ಲಿ ಕಾಲವಾದನು. 1975ರಲ್ಲಿ ಪಪುವಾ ನ್ಯೂಗಿನಿ ಸ್ವತಂತ್ರ ರಾಷ್ಟ್ರವಾಯಿತು.

ಕೊಡಲಿಗೆ ರಷ್ಯನ್ನರು 'ತಪೋರ್' ಎನ್ನುತ್ತಾರೆ. ಉಕ್ಕಿನ ಕೊಡಲಿಯೊಡನೆ ಮಕ್ಲಾಯ್ ತಂದ ಈ ಪದ ಆ ಹಳ್ಳಿಗಳ ನುಡಿಯಲ್ಲಿ ಬೆರೆತುಹೋಯಿತು. ಆ ಕರಾವಳಿಗಿರುವ 'ರಾಯ್' ಎಂಬ ಹೆಸರು ಕೂಡ ಮಕ್ಲಾಯ್ ಎಂಬುದರಿಂದಲೇ ಬಂದುದು. ಕೋಟೆಗಳನ್ನು ಕಟ್ಟಿ ಆಳಿದವರ ಹೆಸರುಗಳು ಕಾಲಕ್ರಮದಲ್ಲಿ ಅಳಿಸಿಹೋಗುತ್ತವೆ. ಬರಿಗೈಯಲ್ಲಿ ಬಂದು ಚಾಪೆಯ ಮೇಲೆ ಮಲಗಿದ ಅತಿಥಿಯ ಹೆಸರನ್ನು ಆ ನಾಡಿನ ಜನ ತಮ್ಮ ನೆಲಕ್ಕೇ ಇಟ್ಟುಕೊಂಡರು.